ಅಕ್ಕನ ಮೈಮೇಲಿನ ನೀಲಿ ಕಲೆಗಳು

ನಾನು ರೋಣದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಹೃದಯದ ನಾಲ್ಕು ಕೋಣೆಗಳ ಚಿತ್ರವನ್ನು ಪುಸ್ತಕ ನೋಡದೆ ಹಲಗೆಯ ಮೇಲೆ ಬರೆಯುತ್ತೇನೆ. ಆದರೂ ನನ್ನ ಒಡಹುಟ್ಟಿದ ಅಕ್ಕನ ಎದೆ ತಾಳ ತಪ್ಪಿ ಬಡಿಯುತ್ತಿದೆ ಎಂಬುದು ನನಗೆ ಎಷ್ಟೋ ತಿಂಗಳು ಗೊತ್ತಾಗಲಿಲ್ಲ.

ಅಕ್ಕ ನನಗಿಂತ ಎರಡೇ ವರ್ಷ ದೊಡ್ಡವಳು. ಅವಳನ್ನು ಯಾವಗಲ್ ಎಂಬ ಊರಿಗೆ ಕೊಟ್ಟಿದೆ. ಭಾವ ಒಕ್ಕಲುತನದವರು, ಸ್ವಂತ ಟ್ರ್ಯಾಕ್ಟರ್ ಇದೆ, ಮಾತು ಕಡಿಮೆ. ಒಬ್ಬಳೇ ಮಗಳು ಮದುವೆಯಾಗಿ ಹೋದ ಮೇಲೆ ಅಕ್ಕನಿಗೆ ನಿದ್ದೆ ಬರದಂತಾಯಿತು. ಊಟ ಸೇರುತ್ತಿರಲಿಲ್ಲ, ಎದೆಯೊಳಗೆ ಏನೋ ಪಟಪಟ ಅನ್ನುತ್ತಿತ್ತು. ಯಾರೋ ಹೇಳಿದರೆಂದು ಅವಳು ನರಗುಂದದ ಒಬ್ಬ ಡಾಕ್ಟರ ಹತ್ತಿರ ಹೋಗತೊಡಗಿದಳು. ಅವರು ಕಾಲೇಜಿನಲ್ಲಿ ವೈದ್ಯಕೀಯ ಓದಿದವರೇ, ಕೆಲವು ವರ್ಷ ದೊಡ್ಡ ಆಸ್ಪತ್ರೆಯಲ್ಲಿ ಕೆಲಸವನ್ನೂ ಮಾಡಿದ್ದರಂತೆ. ಆಮೇಲೆ ಅದನ್ನು ಬಿಟ್ಟು, ಊಟ, ನಿದ್ದೆ, ಮನಸ್ಸು ಎಲ್ಲವನ್ನೂ ಕೂಡಿಸಿ ನೋಡುವ ಚಿಕಿತ್ಸೆಗೆ ಇಳಿದಿದ್ದರು. ಗುಡ್ಡದ ಬುಡದಲ್ಲಿ ಹಳೆಯ ಹಂಚಿನ ಮನೆ. ಚಾಪೆಯ ಮೇಲೆ ಎದುರು ಬದುರು ಕೂತು ಒಬ್ಬೊಬ್ಬರನ್ನು ಒಂದೊಂದು ತಾಸು ಮಾತಾಡಿಸುತ್ತಿದ್ದರು, ಹೊರಡುವಾಗ ಒಂದು ಪೊಟ್ಟಣ ಪುಡಿ ಕೊಡುತ್ತಿದ್ದರು.

ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. ಅವರು ಅಕ್ಕನ ಕೈ ಹಿಡಿದು ನಾಡಿ ನೋಡಿದರು. ಬೆಳಿಗ್ಗೆ ಎದ್ದ ಕೂಡಲೇ ಮೊದಲು ಏನು ನೆನಪಾಗುತ್ತದೆ ಎಂದು ಕೇಳಿದರು. ಮಗಳು ಬಿಟ್ಟುಹೋದ ಹಳೆಯ ಚಪ್ಪಲಿ ಇನ್ನೂ ಬಾಗಿಲಲ್ಲೇ ಇದೆ ಅಂದಳು ಅಕ್ಕ. ನನಗೆ ಆ ಸಂಗತಿ ಗೊತ್ತೇ ಇರಲಿಲ್ಲ. ಗೊತ್ತಿಲ್ಲದ್ದಕ್ಕೆ ನಾಚಿಕೆಯಾಗುವ ಬದಲು ಸಿಟ್ಟು ಬಂತು. ಇದೇನು ಡಾಕ್ಟರಕಿಯೋ ಹರಟೆಯೋ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೊಣಗಿದೆ. ಅಕ್ಕ ಕಿಟಕಿಯಾಚೆ ಕಡಲೆ ಹೊಲ ನೋಡುತ್ತ ಕೂತಿದ್ದಳು.

ಮುಂದೆ ಒಂದು ದಿನ ಅವಳು ನಮ್ಮ ಮನೆಗೆ ಬಂದಾಗ ಹನ್ನೆರಡು ಮೆಟ್ಟಿಲು ಹತ್ತುವುದರೊಳಗೆ ಏದುಸಿರು ಬಿಟ್ಟು ಕೂತುಬಿಟ್ಟಳು. ಮರುದಿನವೇ ಅವಳನ್ನು ಗಜೇಂದ್ರಗಡಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಹೃದಯದ ಕಾಯಿಲೆಯಲ್ಲಿ ಕೈ ಪಳಗಿದ ಒಬ್ಬ ಡಾಕ್ಟರು ಸಣ್ಣ ಆಸ್ಪತ್ರೆ ನಡೆಸುತ್ತಾರೆ. ನಗು ಇಲ್ಲ, ಹೆಚ್ಚು ಮಾತಿಲ್ಲ. ಎದೆಗೆ ವೈರು ಅಂಟಿಸಿ, ಉದ್ದನೆಯ ಕಾಗದ ಹೊರಗೆ ತೆಗೆದು, ಅದನ್ನೇ ನೋಡುತ್ತ ಮಾತಾಡಿದರು.

"ಬಡಿತ ಲಯ ತಪ್ಪೇತ್ರಿ. ಹಿಂಗ ಬಿಟ್ರ ಒಳಗ ರಕ್ತ ಗಡ್ಡಿ ಕಟ್ಟಿ ಮಿದುಳಿಗೆ ಹೋಗಬಹುದು. ಲಕ್ವಾ ಹೊಡಿಬಹುದು."

ನಾನು ಕುರ್ಚಿ ಮುಂದಕ್ಕೆ ಎಳೆದುಕೊಂಡೆ. ಅಕ್ಕ ಮಾತ್ರ ಸೆರಗು ಸರಿಪಡಿಸಿಕೊಳ್ಳುತ್ತಿದ್ದಳು. ರಕ್ತ ತೆಳುವಾಗಿಸುವ ಗುಳಿಗೆ ದಿನಾ ತೆಗೆದುಕೊಳ್ಳಬೇಕು, ಪ್ರತಿ ತಿಂಗಳು ರಕ್ತದ ಪರೀಕ್ಷೆ ತಪ್ಪಿಸಬಾರದು ಎಂದು ಬರೆದುಕೊಟ್ಟರು. ಬರೆಯುತ್ತಲೇ ಕೇಳಿದರು, "ಬ್ಯಾರೆ ಏನರ ಔಷಧ ತಗೋತೀರೇನು?"

ಅಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ನಾನೇ ಹೇಳಿದೆ, "ಇಲ್ರಿ ಸರ್, ಎಲ್ಲಾ ಬಿಡಿಸೇನಿ."

ಅವರು ಒಮ್ಮೆ ನನ್ನನ್ನು ನೋಡಿ ಮತ್ತೆ ಬರೆಯತೊಡಗಿದರು.

ಹೊರಗೆ ಬಸ್‌ಸ್ಟ್ಯಾಂಡಿನಲ್ಲಿ ಕೂತಾಗ ನಾನು ಅಕ್ಕನಿಗೆ ಪಾಠ ಮಾಡಿದೆ. ನರಗುಂದದವರು ಇಷ್ಟು ದಿನ ಬರೀ ಮಾತಿನಲ್ಲೇ ಕಳೆದರು, ಇವರು ನೋಡು, ಹತ್ತು ನಿಮಿಷದಲ್ಲಿ ಕಾಯಿಲೆ ಹಿಡಿದರು ಎಂದೆ.

"ಇನ್ನ ಮುಂದ ಒಬ್ಬರಽ ಡಾಕ್ಟರ್. ಅವರು ಇಲ್ಲಾ ಇವರು. ನೀನಽ ಆರಿಸ್ಕೊ."

"ಇವರು ನನ್ನ ಎದಿ ನೋಡ್ತಾರ, ಅವರು ನನ್ನ ಮಾತ ಕೇಳ್ತಾರ" ಅಂದಳು ಅಕ್ಕ. "ಇಬ್ಬರೂ ಇದ್ರ ಏನಾಗ್ತದ?"

"ಏನಾಗ್ತದ ಅಂದ್ರ? ಲಕ್ವಾ ಹೊಡದು ಮಲಗೂದು ನೀನೋ ನಾನೋ? ನನ್ನ ಮ್ಯಾಲೆ ಆಣಿ ಮಾಡು, ನರಗುಂದಕ್ಕ ಹೋಗಂಗಿಲ್ಲಂತ."

ಅವಳು ನನ್ನ ತಲೆಯ ಮೇಲೆ ಕೈಯಿಟ್ಟಳು. ಆ ಕೈ ತೆಗೆದಾಗ ನನಗೆ ಗೆದ್ದ ಸಂತೋಷವಾಗಿತ್ತು. ಅದನ್ನು ಇವತ್ತು ಬರೆಯಲು ಮುಜುಗರವಾಗುತ್ತದೆ, ಆದರೆ ಆಗಿದ್ದು ಹಾಗೆಯೇ.

ಮೊದಲ ಎರಡು ತಿಂಗಳ ರಕ್ತದ ಪರೀಕ್ಷೆಗಳು ಸರಿಯಾಗಿ ಬಂದವು. ಮೂರನೇ ತಿಂಗಳು ಅಕ್ಕ ಫೋನಿನಲ್ಲಿ, ಕಡಲೆ ರಾಶಿ ನಡೆದಿದೆ, ಮುಗಿದ ಮೇಲೆ ಬರುತ್ತೇನೆ ಅಂದಳು. ನಾನೂ ಶಾಲೆಯ ಪರೀಕ್ಷೆಗಳ ಗಡಿಬಿಡಿಯಲ್ಲಿದ್ದೆ. ಹೋಗಲಿ ಎಂದು ಸುಮ್ಮನಾದೆ.

ಅದಾಗಿ ಒಂದು ಭಾನುವಾರ ಬೆಳಿಗ್ಗೆ ಯಾವಗಲ್ಲಿಗೆ ಹೋದೆ. ಅಕ್ಕ ಅಂಗಳದಲ್ಲಿ ಮೊರ ಹಿಡಿದು ಕಡಲೆ ಕೇರುತ್ತಿದ್ದಳು. ಕೈ ಮೇಲೆತ್ತಿದಾಗ ಕುಪ್ಪಸದ ತೋಳು ಹಿಂದೆ ಸರಿಯಿತು. ಮೊಣಕೈ ಮೇಲೆ ನಾಲ್ಕು ನೀಲಿ ಕಲೆ, ಯಾರೋ ಗಟ್ಟಿಯಾಗಿ ಹಿಡಿದು ಎಳೆದರೆ ಬೆರಳುಗಳು ಮೂಡುತ್ತವಲ್ಲ, ಹಾಗೆ. ಕುಕ್ಕರುಗಾಲಿನಲ್ಲಿ ಕೂತವಳ ಸೀರೆ ಸರಿದಿದ್ದ ಕಡೆ ಮೊಣಕಾಲ ಕೆಳಗೂ ಒಂದು, ಅಂಗೈಯಗಲ, ಅಂಚು ಹಳದಿಗೆ ತಿರುಗಿತ್ತು.

"ಇದೇನವ್ವಾ ಇದು?"

ಅವಳು ಗಬಕ್ಕನೆ ಸೀರೆ ಎಳೆದುಕೊಂಡಳು. "ಏನಿಲ್ಲ ಬಿಡು. ಚೀಲಾ ಬಡದಿರಬೇಕು."

ಕಣ್ಣು ಬೇರೆ ಕಡೆ ತಿರುಗಿಸಿ ಹೇಳಿದಳು. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ, ಚಿಕ್ಕಂದಿನಿಂದ ಕಂಡಿದ್ದೇನೆ. ನನ್ನ ತಲೆಯೊಳಗೆ ಒಂದೇ ಒಂದು ಅರ್ಥ ಹುಟ್ಟಿತು. ಮೂವತ್ತು ವರ್ಷ ಸಂಸಾರ ಮಾಡಿದ, ನನ್ನ ಎದುರು ದನಿ ಎತ್ತದ ಆ ಮನುಷ್ಯ ನನ್ನ ಅಕ್ಕನನ್ನು ಹೊಡೆಯುತ್ತಾನೆ.

ಭಾವ ಮನೆಯ ಮುಂದೆ ಟ್ರ್ಯಾಕ್ಟರಿನ ಬದಿಗೆ ಕೂತು ಪಾನಾ ಹಿಡಿದು ನಟ್ಟು ಬಿಗಿಯುತ್ತಿದ್ದರು. ನಾನು ಹೊರಗೆ ಹೋಗಿ, ಓಣಿಯಲ್ಲಿ ಜನ ಓಡಾಡುತ್ತಿದ್ದಾರೆ ಎಂಬುದನ್ನೂ ಮರೆತು, ಕೂಗಿದೆ.

"ಮಾಮಾ, ನೀವು ಅಕ್ಕನ ಮ್ಯಾಲೆ ಕೈ ಮಾಡ್ತೀರೇನು?"

ಅವರು ತಲೆ ಎತ್ತಿದರು. ಪಾನಾ ಕೈಯಿಂದ ಬಿತ್ತು. "ನಾನಾ?" ಅಂದರು. ಅಷ್ಟೇ. ಎದುರು ಮನೆಯ ಕಟ್ಟೆಯ ಮೇಲಿದ್ದ ಹೆಂಗಸರು ಮಾತು ನಿಲ್ಲಿಸಿದರು. ಭಾವನ ಮುಖದಲ್ಲಿ ಸಿಟ್ಟು ಇರಲಿಲ್ಲ. ತನ್ನದೇ ಮನೆಯಲ್ಲಿ ಅಪರಿಚಿತರು ನಿಂತಿರುವುದನ್ನು ಕಂಡವರಂತೆ ನನ್ನನ್ನು ನೋಡಿದರು.

"ಅಯ್ಯ, ಏನ್ ಮಾತಾಡ್ತಿ ನೀ! ಬಾಯಿ ಮುಚ್ಚು!" ಅಕ್ಕ ಒಳಗಿನಿಂದ ಓಡಿ ಬಂದಳು. ಬಾಗಿಲಲ್ಲಿ ನಿಂತು ಇನ್ನೇನೋ ಹೇಳಲು ಹೋದವಳ ಮೂಗಿನಿಂದ ರಕ್ತ ಇಳಿಯತೊಡಗಿತು. ಅವಳು ಸೆರಗಿನಿಂದ ಒರೆಸಿಕೊಂಡಳು. ಮತ್ತೆ ಬಂತು. ಕೂರಿಸಿದೆವು, ತಣ್ಣೀರು ತಟ್ಟಿದೆವು. ಐದು ನಿಮಿಷ, ಹತ್ತು ನಿಮಿಷ, ನಿಲ್ಲಲೇ ಇಲ್ಲ. ಬೆರಳುಗಳ ನಡುವಿನಿಂದ ಇಳಿದು ಸೀರೆ ನೆನೆಯಿತು. ಬಾಯಿ ತೆರೆದಾಗ ಒಸಡುಗಳೂ ಕೆಂಪಾಗಿದ್ದವು.

ಮಕ್ಕಳಿಗೆ ರಕ್ತ ಹೆಪ್ಪುಗಟ್ಟುವ ಪಾಠ ಮಾಡುವವಳು ನಾನು. ಆಗ ಕಂಬ ಹಿಡಿದು ನಿಂತುಬಿಟ್ಟಿದ್ದೆ. ಭಾವನೇ ಪಕ್ಕದ ಮನೆಯವರ ಕಾರು ತರಿಸಿದರು. ದಾರಿಯಲ್ಲಿ ಗಜೇಂದ್ರಗಡದ ಡಾಕ್ಟರಿಗೆ ಫೋನು ಮಾಡಿದೆ. ಅವರ ದನಿ ಯಾವಾಗಿನಂತೆ ಒಣಗಿತ್ತು. "ತಲಿ ಮುಂದಕ್ಕ ಬಗ್ಗಸ್ರಿ, ಹಿಂದಕ್ಕ ಬ್ಯಾಡ. ಮೂಗು ಗಟ್ಟಿ ಒತ್ತಿ ಹಿಡೀರಿ. ರೋಣದಾಗ ಸರಕಾರಿ ದವಾಖಾನಿಗೆ ಹೋಗಿ ಮೂಗಿಗೆ ಹತ್ತಿ ತುಂಬಸ್ಕೊಂಡು ಸೀದಾ ಬರ್ರಿ. ನಾ ತಯಾರಿ ಮಾಡಿರ್ತೀನಿ." ಗಜೇಂದ್ರಗಡ ಮುಟ್ಟುವ ತನಕ ಭಾವ ಅಕ್ಕನ ತಲೆಯನ್ನು ಎದೆಗೆ ಆನಿಸಿಕೊಂಡು ಕೂತಿದ್ದರು. ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ.

ಡಾಕ್ಟರು ರಕ್ತ ತೆಗೆಸಿ, ವರದಿ ನೋಡಿ ಹುಬ್ಬು ಗಂಟಿಕ್ಕಿದರು. ರಕ್ತ ನೀರಿನ ಹಾಗೆ ತೆಳುವಾಗಿದೆ, ಮೈಮೇಲಿನ ಕಲೆಗಳೆಲ್ಲ ಚರ್ಮದ ಕೆಳಗೆ ರಕ್ತ ಸೋರಿದ್ದು ಎಂದರು. ಯಾರೂ ಹೊಡೆದಿರಲಿಲ್ಲ. ಭಾವ ನನ್ನ ಪಕ್ಕದಲ್ಲೇ ನಿಂತು ಇದನ್ನು ಕೇಳಿಸಿಕೊಂಡರು.

"ಗುಳಿಗಿ ಹೆಚ್ಚ ನುಂಗ್ಯಾರೇನು?"

ಇಲ್ಲ, ದಿನಾ ಒಂದೇ ಎಂದು ಭಾವ ಹೇಳಿದರು. ಅಷ್ಟರಲ್ಲಿ ಕೌಂಟರಿನವರು ಆಧಾರ್ ಕಾರ್ಡು ಕೇಳಿದ್ದರಿಂದ ಅಕ್ಕನ ಕೈಚೀಲ ತೆಗೆದೆ. ಕಾರ್ಡಿನ ಜೊತೆಗೆ ಒಂದು ಕಂತೆ ಬಸ್ ಟಿಕೆಟು ಬಂತು. ಹೆಂಗಸರಿಗೆ ಕೊಡುವ ಸೊನ್ನೆ ಟಿಕೆಟು. ಯಾವಗಲ್–ನರಗುಂದ. ನರಗುಂದ–ಯಾವಗಲ್. ಮತ್ತೆ ಯಾವಗಲ್–ನರಗುಂದ. ಅವುಗಳ ಕೆಳಗೆ ಕಾಗದದ ಪೊಟ್ಟಣದಲ್ಲಿ ಹಳದಿ ಪುಡಿ, ಮೇಲೆ ಕೈಬರಹದಲ್ಲಿ ಒಂದು ಫೋನ್ ನಂಬರು.

ಡಾಕ್ಟರು ಪೊಟ್ಟಣ ಬಿಡಿಸಿ ಮೂಸಿ ನೋಡಿದರು. "ಬ್ಯಾರೆ ಏನೂ ಇಲ್ಲ ಅಂದಿದ್ರಲ್ಲ?"

"ಅಂದಾಕಿ ನಾನು ಸರ್" ಅಂದೆ. "ಆಕಿ ಅಲ್ಲ."

ಅವರು ನನ್ನನ್ನು ಬೈಯಬಹುದಿತ್ತು. ಬೈಯಲಿಲ್ಲ. ಪೊಟ್ಟಣದ ಮೇಲಿದ್ದ ನಂಬರಿಗೆ ತಾವೇ ಫೋನು ಮಾಡಿದರು. ಈಗ ನರಗುಂದದವರಿಗೆ ಕಾದಿದೆ ಎಂದುಕೊಂಡೆ. ಸಂಕಟದ ನಡುವೆಯೂ ಅಂಥ ಒಂದು ಆಸೆ ನನ್ನೊಳಗಿತ್ತು. ಆದರೆ ಇವರು ಕೇಳಿದ್ದು ಪುಡಿಯಲ್ಲಿ ಏನೇನಿದೆ, ಎಷ್ಟೆಷ್ಟಿದೆ, ಎಷ್ಟು ದಿನದಿಂದ ಎಂಬುದನ್ನು ಮಾತ್ರ. ಆ ಕಡೆಯಿಂದ ಬಂದ ಉತ್ತರವನ್ನು ಬರೆದುಕೊಂಡು ಒಳಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಇಂಜೆಕ್ಷನ್ನು, ಡ್ರಿಪ್ಪು ಎಲ್ಲ ಆಗಿ ರಕ್ತ ನಿಂತಿತು.

ಊಟದ ಹೊತ್ತು ಮೀರಿದ ಮೇಲೆ ನರಗುಂದದ ಡಾಕ್ಟರೂ ಬಂದರು. ಬಸ್ಸಿಗೆ ಬಂದಿದ್ದರು, ಕಂಕುಳಲ್ಲಿ ಒಂದು ನೋಟ್‌ಬುಕ್ಕು. ನನಗೂ ಭಾವನಿಗೂ ಅದನ್ನು ಬಿಡಿಸಿ ತೋರಿಸಿದರು. ಅಕ್ಕನ ಹೆಸರಿನ ಮೊದಲ ಪುಟದಲ್ಲೇ, ನಾಡಿ ಲಯದಲ್ಲಿಲ್ಲ, ಹೃದಯದ ಡಾಕ್ಟರಿಗೆ ತೋರಿಸಲು ಹೇಳಿದೆ ಎಂದು ಬರೆದಿತ್ತು. ನಾನು ಗಜೇಂದ್ರಗಡಕ್ಕೆ ಕರೆದುಕೊಂಡು ಹೋಗುವುದಕ್ಕಿಂತ ಎಷ್ಟೋ ಮೊದಲಿನ ಮಾತು ಅದು. ಮುಂದಿನ ಪ್ರತಿ ಪುಟದಲ್ಲಿ ಬೇರೆ ಔಷಧ ಎಂಬುದರ ಎದುರು ಇಲ್ಲ, ಇಲ್ಲ, ಇಲ್ಲ.

"ಹೃದಯದ ಡಾಕ್ಟರಿಗೆ ತೋರಿಸಿದ್ರೇನು ಅಂತ ಕೇಳಿದ್ದೆ. ತೋರಿಸ್ದೆ, ಏನೂ ಇಲ್ಲಂದ್ರು ಅಂತ ನಿಮ್ಮ ಅಕ್ಕಾರು ಹೇಳಿದ್ರು" ಎಂದರು ಅವರು. "ಪುಡ್ಯಾಗ ಇರೂದು ಬಳ್ಳೊಳ್ಳಿ, ಅರಿಷಿಣ, ಮೆಂತೆ. ಎಲ್ಲಾ ಮನ್ಯಾಗಿನ ಪದಾರ್ಥ. ಆದ್ರ ಅಷ್ಟು ಪ್ರಮಾಣದಾಗ ಆ ಗುಳಿಗಿ ಜೋಡಿ ಕೂಡಬಾರದು. ಚೀಟಿ ತೋರಸ್ರಿ ಅಂತ ನಾ ಹಟ ಹಿಡೀಬೇಕಿತ್ತು. ಹಿಡೀಲಿಲ್ಲ."

ಗಜೇಂದ್ರಗಡದ ಡಾಕ್ಟರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ನಂದೂ ತಪ್ಪೈತ್ರಿ" ಅಂದರು. "ಅವತ್ತ ಉತ್ತರಾ ಕೊಟ್ಟಾಕಿ ಪೇಷಂಟ್ ಅಲ್ಲ ಅನ್ನೂದು ನನಗ ಗೊತ್ತಿತ್ತು. ಗದ್ಲ ಇತ್ತು, ಬಿಟ್ಟೆ."

ಇಬ್ಬರೂ ತಮ್ಮ ತಮ್ಮ ತಪ್ಪನ್ನು ಇಷ್ಟು ಸಲೀಸಾಗಿ ಹೇಳಿಬಿಟ್ಟರು. ನನ್ನ ಸರದಿ ಉಳಿದಿತ್ತು.

ಸಂಜೆ ಅಕ್ಕನಿಗೆ ಸ್ವಲ್ಪ ಶಕ್ತಿ ಬಂದಾಗ ಹಾಸಿಗೆಯ ಪಕ್ಕ ಕೂತು ಕೇಳಿದೆ, "ಇಬ್ಬರ ಮುಂದೂ ಯಾಕ ಮುಚ್ಚಿಟ್ಟಿ?"

"ನಿನಗ ಹೆದರಿ."

"ನನಗ? ನಾ ನಿನಗಿಂತ ಸಣ್ಣಾಕಿ!"

"ಸಣ್ಣಾಕಿದ್ರ ಏನಾತು. ಯಾವ ಡಾಕ್ಟರ್ ಮುಂದ ಖರೇ ಹೇಳಿದ್ರೂ ಅವರು ಇನ್ನೊಬ್ಬರಿಗೆ ಫೋನ್ ಮಾಡಿ, ಅದು ನಿನ್ನ ತನಕ ಬರ್ತಿತ್ತು. ನಿನ್ನ ಮ್ಯಾಲೆ ಆಣಿ ಬ್ಯಾರೆ ಮಾಡಿದ್ದೆ. ಮೈಮ್ಯಾಲೆ ಕಲೆ ಕಾಣಾಕ ಹತ್ತಿದಾಗ, ಆಣಿ ಮುರದದ್ದಕ್ಕ ಹಿಂಗಾಗೇತಿ ಅನ್ಕೊಂಡೆ." ಹೊದಿಕೆ ಮೇಲೆಳೆದುಕೊಂಡು ಮತ್ತೆ ಹೇಳಿದಳು, "ಎರಡ್ ತಿಂಗಳು ತಡ್ಕೊಂಡೆ, ಆಮ್ಯಾಲೆ ಆಗಲಿಲ್ಲ, ಹೋದೆ. ಪುಡಿಗಂತ ಹೋಗ್ತಿದ್ದಿಲ್ಲ ನಾ. ಅಲ್ಲಿ ಒಂದ್ ತಾಸು ನನ್ನ ಮಾತು ಯಾರೂ ನಡುವ ಕಡೀತಿರಲಿಲ್ಲ."

ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೆ ಒರಗಿ ಬಹಳ ಹೊತ್ತು ನಿಂತಿದ್ದೆ. ಕಾಯಿಲೆಗೆ ಹೆದರಿಕೊಳ್ಳದ ನನ್ನ ಅಕ್ಕ ನನಗೆ ಹೆದರಿದ್ದಳು. ಅವಳ ಜೀವಕ್ಕೆ ಕುತ್ತು ಬಂದದ್ದು ಪುಡಿಯಿಂದಲೂ ಅಲ್ಲ, ಗುಳಿಗೆಯಿಂದಲೂ ಅಲ್ಲ; ಎರಡರ ನಡುವೆ ಗೋಡೆ ಎಬ್ಬಿಸಿದವಳು ನಾನು. ಈ ಮಾತು ತಲೆಗೆ ಹತ್ತಲು ನನಗೆ ಎಷ್ಟೋ ದಿನ ಬೇಕಾಯಿತು.

ನಾಲ್ಕನೇ ದಿನ ಅಕ್ಕ ಮನೆಗೆ ಬಂದಳು. ಪುಡಿ ನಿಂತಿದೆ, ಗುಳಿಗೆ ನಡೆದಿದೆ. ಎದೆಗೆ ಗಜೇಂದ್ರಗಡ, ಮಾತಿಗೆ ಮತ್ತು ಉಸಿರಾಟದ ಅಭ್ಯಾಸಕ್ಕೆ ನರಗುಂದ. ಎರಡೂ ಕಡೆಯವರು ಒಂದೇ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ, ಏನಾದರೂ ಅನುಮಾನ ಬಂದರೆ ಒಬ್ಬರಿಗೊಬ್ಬರು ಫೋನು ಮಾಡುತ್ತಾರೆ. ಅಕ್ಕ ಒಬ್ಬಳೇ ಹೋಗಿ ಬರುತ್ತಾಳೆ. ಈಗ ನಿದ್ದೆ ಬರುತ್ತಿದೆಯಂತೆ.

ಭಾವನಿಗೆ ಕೈ ಮುಗಿದು ತಪ್ಪಾಯಿತು ಎಂದೆ. ಅವರು ಕೇಳಿಸಿಕೊಂಡರು. "ಅಕ್ಕನ ಮ್ಯಾಲಿನ ಜೀವಕ್ಕ ಅಂದಿ. ತಿಳೀತೈತಿ" ಎಂದು ತಡೆದು, "ಆದ್ರ ಓಣ್ಯಾಗ ಅಂದಿ" ಎಂದರು. ಎದುರು ಕಟ್ಟೆಯ ಹೆಂಗಸರಿಗೂ ನಾನೇ ಹೋಗಿ ನಡೆದದ್ದನ್ನೆಲ್ಲ ತಿಳಿಸಿ ಬಂದೆ. ಅವರು ತಲೆಯಾಡಿಸಿದರು, ಎಷ್ಟು ನಂಬಿದರೋ ಗೊತ್ತಿಲ್ಲ. ಅಲ್ಲಿಂದ ಮುಂದೆ ನಾನು ಹೋದಾಗಲೆಲ್ಲ ಭಾವ ಹೊಲದ ಕಡೆ ಹೊರಡುತ್ತಿದ್ದರು. ಊಟಕ್ಕೆ ಜೊತೆಗೆ ಕೂರುತ್ತಿರಲಿಲ್ಲ. ಅಕ್ಕ ಇಬ್ಬರಿಗೂ ಬೇರೆ ಬೇರೆ ಹೊತ್ತಿಗೆ ಬಡಿಸುತ್ತಿದ್ದಳು.

ಕಳೆದ ವಾರ ಶಾಲೆಯ ಬಿಡುವಿನ ಹೊತ್ತಿನಲ್ಲಿ ಫೋನು ಬಂತು. ಭಾವನ ನಂಬರು. ಅವರು ಎಂದೂ ನನಗೆ ಫೋನು ಮಾಡಿದವರಲ್ಲ. ಎತ್ತಿ "ಏನಾತ್ರಿ ಮಾಮಾ?" ಎಂದು ಚೀರಿದೆ.

"ಏನಾಗಿಲ್ಲ" ಅಂದರು. "ಈ ತಿಂಗಳ ರಿಪೋರ್ಟ್ ಚಲೋ ಬಂದೈತಿ. ನಿನಗ ಹೇಳ್ಬೇಕು ಅನಸ್ತು."

ನಾನು ಏನಾದರೂ ಹೇಳುವುದರೊಳಗೆ ಫೋನು ಇಟ್ಟಿದ್ದರು.