ಗೋಪುರದಲ್ಲಿ ಪಕ್ಕದ ಕುರ್ಚಿ

ನಾನು ಕಿಕ್ಕೇರಿ ಶಾಲೆಗೆ ಸೇರಿದ ದಿನ ಸಹಪಾಠಿ ನಾಗಾರ್ಜುನ ಕಬಡ್ಡಿಯಾಟಕ್ಕೆ ಗಟ್ಟಿಯಾಗಿ ತೀರ್ಪು ಕೂಗುತ್ತಿದ್ದನು. ಬೆಳೆದು, ವಿಮಾನ ನಿಲ್ದಾಣದ ನಿಯಂತ್ರಣ ಗೋಪುರ ಸೇರಿದನು.

ಒಮ್ಮೆ ಅವನು ಒಬ್ಬ ಪೈಲಟ್‌ಗೆ, ರನ್‌ವೇ ದಾಟದೆ ನಿಲ್ಲಿ ಎನ್ನುವಾಗಲೇ ಇನ್ನೊಬ್ಬ ಪೈಲಟ್ ರೇಡಿಯೊದಲ್ಲಿ ಮಾತನಾಡಿದನು. ಎರಡು ಮಾತು ಒಂದರ ಮೇಲೊಂದು ಬಿದ್ದು ಸೂಚನೆ ಕೀರಲು ಸದ್ದಿನಲ್ಲಿ ಮುಳುಗಿತು, ಮೊದಲ ಪೈಲಟ್‌ನ ವಿಮಾನ ರನ್‌ವೇ ದಾಟಿತು. ಇಳಿಯುತ್ತಿದ್ದ ಮತ್ತೊಂದು ವಿಮಾನ ಕೂಡಲೇ ಮೇಲೇರಿದ್ದರಿಂದ ಎಲ್ಲರೂ ಉಳಿದರು.

ಪೈಲಟ್ ಸೂಚನೆಯನ್ನು ತಿರುಗಿ ಹೇಳಿದನೇ ಎಂದು ಗಮನಿಸಬೇಕಾದವನು ಪಕ್ಕದ ಕುರ್ಚಿಯ ಗೆಳೆಯ, ನಾಗಮಂಗಲದ ಸುದರ್ಶನ್. ವಿಚಾರಣೆಯಲ್ಲಿ ಅವನು, ನಾಗಾರ್ಜುನ ಸೂಚನೆಯನ್ನೇ ಕೊಡಲಿಲ್ಲವೆಂದನು. ಧ್ವನಿಮುದ್ರಣದಲ್ಲಿಯೂ ಕೀರಲು ಸದ್ದಷ್ಟೇ ಇದ್ದುದರಿಂದ ಅಧಿಕಾರಿಗಳು ಅವನ ಮಾತನ್ನೇ ನಂಬಿದರು.

"ನೀನೇ ಕೇಳಿಸ್ಕೊಂಡ್ಯಲ್ಲಲಾ!" ಎಂದು ಹೊರಗೆ ಬಂದ ಮೇಲೆ ನಾಗಾರ್ಜುನ ಸುದರ್ಶನ್‌ನನ್ನು ಕೇಳಿದನು.

"ಕೇಳುಸ್ತು ಅಂದಿದ್ರೆ ನನ್ ಕೆಲ್ಸಾನೂ ಓಗೋದು ಕಣ್ಲಾ, ಬುಡು."

ಈಗ ಗೋಪುರದ ಕೆಲಸ ಕಳೆದುಕೊಂಡ ನಾಗಾರ್ಜುನ ಅಲ್ಲಿಯೇ ಕೆಳಗಿನ ಕಚೇರಿಯಲ್ಲಿ ಕಡತ ನೋಡುತ್ತಾನೆ. ಊಟಕ್ಕೆ ಸುದರ್ಶನ್ ಬಂದರೆ, ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋಗುತ್ತಾನೆ.