ಥರ್ಮಾಸಿನಲ್ಲಿ ಬಂದ ಕೋಳಿ ರಸ

ವಿಜಯಪುರದಲ್ಲಿ ನನ್ನಂಥವಳಿಗೆ ಬಾಡಿಗೆ ಕೋಣೆ ಸಿಗುವುದು ಸುಲಭವಲ್ಲ. ಒಂಟಿ ಹೆಂಗಸು, ಅದರ ಮೇಲೆ ಕೋಳಿ ಕುರಿ ತಿನ್ನುವ ಮಂದಿ. ಎಷ್ಟೋ ಬಾಗಿಲು ಬಡಿದು, ‘ನೀವು ಯಾರ ಪೈಕಿ ಆಗಬೇಕ್ರಿ?’ ಎಂಬ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ಸಾಕಾದ ಮೇಲೆ ಈ ಮಹಡಿ ಕೋಣೆ ಸಿಕ್ಕಿತು. ಕೆಳಗೆ ಇರುವ ಮನೆಯೊಡತಿಯ ಕರಾರು ಒಂದೇ: ‘ಮಾಂಸ ಮಾಡಂಗಿಲ್ಲ, ಒಳಗ ತರಂಗೂ ಇಲ್ಲ ನೋಡ್ರಿ.’ ಹೂಂ ಎಂದೆ. ಮೈ ಗಟ್ಟಿಯಿದ್ದಾಗ ಅದೇನೂ ಭಾರ ಅನ್ನಿಸಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಜ್ವರ ಬಂತು. ಬಾಯಿಗೆ ಏನಿಟ್ಟರೂ ಕಹಿ. ದಿನವಿಡೀ ಫ್ಯಾನು ನೋಡುತ್ತ ಮಲಗಿರುತ್ತಿದ್ದೆ. ಫೋನು ಬಂದರೆ ಅದು ಆಫೀಸಿನದು, ಯಾವಾಗ ಬರುತ್ತೀರಿ ಎಂದು. ನಮ್ಮ ಮನೆಯಲ್ಲಿ ಯಾರಾದರೂ ಜ್ವರ ಬಂದು ಮಲಗಿದರೆ ಜವಾರಿ ಕೋಳಿ ಕುದಿಸಿ, ಖಾರ ಹಾಕುವ ಮೊದಲೇ ತಿಳಿ ರಸ ಬಸಿದು ಕೊಡುತ್ತಿದ್ದರು. ಅರಿಶಿನ, ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಅಷ್ಟೇ. ಮಲಗಿದವರು ಕುಡಿದು ಮುಗಿಸುವ ತನಕ ಉಳಿದವರ ತಾಟಿಗೆ ಏನೂ ಬೀಳುತ್ತಿರಲಿಲ್ಲ. ಅದೆಲ್ಲ ನೆನಪಾಗಿ ತಡೆಯಲಾಗದೆ, ಘೋಣಸಗಿಯಲ್ಲಿರುವ ಅಕ್ಕನಿಗೆ ಹೇಳಿದೆ.

ಮರುದಿನ ಮಧ್ಯಾಹ್ನ ಅವಳ ಫೋನು ಬಂತು. ‘ಬಸ್ ಸ್ಟ್ಯಾಂಡಿನ್ಯಾಗ ಕುಂತೇನಿ. ಆಟೋ ಹಿಡ್ಕೊಂಡು ಬಾ.’

ಸಿಟ್ಟು ಬಂತು. ಜ್ವರದವಳನ್ನು ಯಾರಾದರೂ ಬಸ್ ಸ್ಟ್ಯಾಂಡಿಗೆ ಕರೆಸುತ್ತಾರೆಯೇ? ಗೊಣಗುತ್ತಲೇ ಹೋದೆ. ತಿಕೋಟಾದಲ್ಲಿ ಬಸ್ ಬದಲಿಸಿ ಬಂದವಳು ಬೆಂಚಿನ ಮೇಲೆ ಕುಳಿತಿದ್ದಳು. ಮಡಿಲಲ್ಲಿ ಚಹಾದ ಥರ್ಮಾಸು.

‘ಮನಿಗೆ ನಡಿ. ಚಹಾ ಅಂತ ತಿಳ್ಕೊತಾರ,’ ಎಂದೆ.

‘ಮುಚ್ಚಳ ತಗದ್ರ ವಾಸನಿ ಕೆಳಗಿನ ತನಕಾ ಹೋಗತೈತಿ. ಈ ಮೈಯಾಗ ಮತ್ತ ಮನಿ ಹುಡುಕ್ತೀಯೇನ?’

‘ಬಾಡಿಗಿ ಕೊಡ್ತೇನಿ. ನನ್ನ ಮನಿ ಅದು.’

‘ನಿನ್ನ ಮನಿ ಆಗಿದ್ರ ನಾ ಇಲ್ಲಿ ಯಾಕ ಕುಂದರ್ತಿದ್ದೆ ಬೇ?’

ಬೈಯುವ ದನಿಯಲ್ಲಿ ಹೇಳಿದ್ದರೆ ನಾನೂ ಜಗಳ ತೆಗೆಯುತ್ತಿದ್ದೆ. ಅವಳು ಮೆಲ್ಲಗೆ ಹೇಳಿ, ಥರ್ಮಾಸಿನ ಮುಚ್ಚಳದಲ್ಲೇ ರಸ ಸುರಿದು ಕೊಟ್ಟಳು. ಬಬಲೇಶ್ವರದ ಬಸ್ಸಿಗೆ ಕಾಯುತ್ತಿದ್ದ ಹಿರಿಯರೊಬ್ಬರು ಮೂಗರಳಿಸಿ, ‘ಜವಾರಿ ಏನ್ರಿ?’ ಎಂದರು. ‘ಹೌದ್ರಿ, ಮನ್ಯಾಂದು,’ ಎಂದಳು ಅಕ್ಕ, ಜಂಬದಿಂದ. ತಿಕೋಟಾದ ಬಸ್ಸು ಬಂದು ನಿಂತು ಹೋಯಿತು. ಅವಳು ಏಳಲಿಲ್ಲ. ಥರ್ಮಾಸು ಬರಿದಾದ ಮೇಲೆ ಸೆರಗಿನಿಂದ ನನ್ನ ಹಣೆ ಒರೆಸಿ, ಮುಂದಿನ ಬಸ್ಸು ಹತ್ತಿದಳು. ಆ ಬಸ್ಸು ಗೇಟು ದಾಟುವಾಗ ಆದಷ್ಟು ಒಂಟಿತನ ನನಗೆ ಜ್ವರದಲ್ಲೂ ಆಗಿರಲಿಲ್ಲ.

ನಳದಲ್ಲಿ ಬಾಯಿ ಮುಕ್ಕಳಿಸಿ, ಬಡೇಸೋಪು ಅಗಿಯುತ್ತ ಕೋಣೆಗೆ ಬಂದೆ. ಮನೆಯೊಡತಿ ಅಂಬಲಿಯ ಬಟ್ಟಲು ಹಿಡಿದು ಮೇಲೆ ಬಂದರು. ಮಂಡಿನೋವಿನ ಜೀವ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು.

‘ಇಷ್ಟ ದಿನಾ ಆತು, ನಿಮ್ಮವ್ರು ಯಾರೂ ನೋಡಾಕ ಬರಲಿಲ್ಲಲ್ರಿ?’ ಎಂದರು.

‘ಇಲ್ರಿ,’ ಎಂದೆ.

‘ಪಾಪ,’ ಎಂದು ಅವರು ಅಲ್ಲೇ ನಿಂತರು. ಹೊಟ್ಟೆ ತುಂಬಿತ್ತು. ಆದರೂ ಅಂಬಲಿಯನ್ನು ಪೂರ್ತಿ ಕುಡಿದೆ.