ಪೆಟ್ಟಿಗೆ ತೆರೆಯದ ಮುನಿರಾಜಣ್ಣ

ಇಂಜಿನ್ ಬಿಚ್ಚುವ ಮೊದಲು ಮುನಿರಾಜಣ್ಣ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆಯುತ್ತಿದ್ದರು. ಮೆಕ್ಯಾನಿಕ್‌ಗಳು ಕೆಲಸ ಮುಗಿದ ಮೇಲೆ ತೊಳೆಯುವುದನ್ನಷ್ಟೇ ಕಂಡಿದ್ದ ನನಗೆ ಮೊದಲ ದಿನ ನಗು ಬಂತು.

"ನಗು, ನಗು. ಒಳಗೆ ಒಂದು ಚೂರು ಮಣ್ಣು ಹೋದ್ರೆ ಆಮೇಲೆ ಅಳೋಳು ನೀನೇ," ಎಂದರು.

ಹಲಸೂರಿನ ಗಲ್ಲಿಯೊಂದರಲ್ಲಿ ಅವರ ಗ್ಯಾರೇಜು. ಹುಟ್ಟಿದ್ದು ಹೊರಮಾವಿನಲ್ಲಿ, ಅಲ್ಲಿ ಇನ್ನೂ ರಾಗಿ ಬೆಳೆಯುತ್ತಿದ್ದಾಗ. ಪಂಪ್‌ಸೆಟ್ ರಿಪೇರಿಯಿಂದ ಶುರುಮಾಡಿ ರೇಸ್ ಕಾರುಗಳವರೆಗೆ ಬಂದವರು. ಗಿರಾಕಿಗಳ ಜೊತೆ ತಮಿಳು, ಉರ್ದು ಎರಡೂ ಸರಾಗ. ಬೈಯುವುದು ಮಾತ್ರ ಕನ್ನಡದಲ್ಲಿ. ನಾನು ವಾರವೆಲ್ಲ ಬ್ಯಾಂಕಿನಲ್ಲಿ ಕೂತು ರಜೆಯಲ್ಲಿ ರೇಸ್ ಕಾರು ಓಡಿಸುತ್ತಿದ್ದವಳು. ರೇಸಿಗೆಂದೇ ಕಂಪನಿಯೊಂದು ಕಟ್ಟಿದ ಇಂಜಿನ್ನನ್ನು, ಒಂದು ವರ್ಷದ ವಾರಂಟಿಯೊಡನೆ ತರಿಸಿ, ನನ್ನ ಹಳೆಯ ಕಾರಿಗೆ ಕೂರಿಸಿಕೊಟ್ಟವರು ಅವರೇ.

ಮೂರನೇ ರೇಸಿನಲ್ಲಿ ಅದು ಕಟಕಟ ಸದ್ದು ಮಾಡಿ ನಿಂತುಹೋಯಿತು.

"ಗೇರ್ ತಪ್ಪಿಸಿದ್ಯೇನಮ್ಮ? ನಿಜ ಹೇಳು."

"ಇವತ್ತಿಲ್ಲ ಅಣ್ಣ. ನಿನ್ನೆ ಪ್ರಾಕ್ಟೀಸಲ್ಲಿ ಒಂದ್ಸಲ ತಪ್ತು."

"ಹಂಗಾದ್ರೆ ಕಂಪ್ನಿಗೆ ಅದನ್ನೂ ಬರ್ದು ಕಳ್ಸು."

ಬರೆದೆ. ಕಂಪನಿ ಆ ಸಾಲನ್ನೇ ಹಿಡಿಯಿತು: ಚಾಲಕಿ ಗೇರ್ ತಪ್ಪಿಸಿ ಇಂಜಿನ್ನನ್ನು ಮಿತಿಮೀರಿ ತಿರುಗಿಸಿದ್ದಾರೆ, ಬದಲಿ ಕೊಡಲಾಗದು. ನಿಮ್ಮ ಮಾತು ಕೇಳಿ ಕೆಟ್ಟೆ ಎಂದು ರೇಗಿದೆ. ಅವರು ಉತ್ತರವನ್ನು ಎರಡು ಸಲ ಓದಿಸಿಕೊಂಡರು.

"ಬಿಚ್ಚಿ ನೋಡ್ದೆ ಹೆಂಗ್ ಹೇಳ್ತಾರೆ? ಬಂದು ನನ್ ಮುಂದೆ ನಿಂತ್ಕೊಳ್ಳೋಕೆ ಹೇಳು."

ಕಂಪನಿ ಹಾಕಿದ ಸೀಲ್ ಒಡೆದರೆ ವಾರಂಟಿ ಹೋಗುತ್ತದೆಂದು ಅಲ್ಲಿಯವರೆಗೆ ಇಂಜಿನ್ನಿಗೆ ಟಾರ್ಪಾಲು ಹೊದಿಸಿ, ಯಾರನ್ನೂ ಹತ್ತಿರ ಬಿಡಲಿಲ್ಲ.

ಕೊನೆಗೂ ಕಂಪನಿಯ ಇಂಜಿನಿಯರ್ ಬಂದರು. ಅವರೆದುರೇ ಬಿಚ್ಚಿದ್ದಾಯಿತು. ಗೇರ್ ತಪ್ಪಿ ಇಂಜಿನ್ ಹಾಳಾಗಿದ್ದರೆ ವಾಲ್ವ್ ಬಡಿದು ಪಿಸ್ಟನ್ ಮೇಲೆ ಗುರುತು ಬೀಳಬೇಕಿತ್ತು, ಒಂದೂ ಇರಲಿಲ್ಲ. ಮುನಿರಾಜಣ್ಣ ಆಯಿಲ್ ಹರಿಯುವ ಸಣ್ಣ ದಾರಿಗೆ ತಂತಿ ತೂರಿಸಿ ಎಳೆದರು. ಸುರುಳಿ ಸುರುಳಿಯಾದ ಲೋಹದ ತುರಿ ಹೊರಬಂತು. ಕಾರ್ಖಾನೆಯಲ್ಲಿ ಕೊರೆಯುವಾಗ ಒಳಗೇ ಉಳಿದಿದ್ದು. ಆಯಿಲ್ ತಲುಪದೆ ಬೇರಿಂಗ್ ಸುಟ್ಟಿತ್ತು.

"ಇದನ್ನೂ ಈ ಹುಡ್ಗೀನೇ ಹಾಕಿದ್ಲಾ ಸಾರ್?"

ಇಂಜಿನಿಯರ್ ಫೋಟೊ ತೆಗೆದುಕೊಂಡು, "ಇಲ್ಲ ಸರ್, ಇದು ನಮ್ ಕಡೆಯದೇ," ಎಂದು ಮೆಲ್ಲಗೆ ಹೇಳಿದರು.

ಹೊಸ ಇಂಜಿನ್ ಮರದ ಪೆಟ್ಟಿಗೆಯಲ್ಲಿ ಬಂತು. ಜೊತೆಗೊಂದು ಪತ್ರ: ತಪ್ಪು ಚಾಲಕಿಯದೇ ಆದರೂ ಗ್ರಾಹಕರ ಮೇಲಿನ ವಿಶ್ವಾಸದಿಂದ ಬದಲಿ ಕೊಡುತ್ತಿದ್ದೇವೆ. ಮೊಳೆ ಕೀಳಲು ಕೂತಿದ್ದ ಮುನಿರಾಜಣ್ಣ ಸುತ್ತಿಗೆ ಕೆಳಗಿಟ್ಟರು.

"ಇಂಜಿನ್ ಬಂತಲ್ಲಣ್ಣ. ಕಾಗದದಲ್ಲಿ ಏನಾದ್ರೂ ಇರ್ಲಿ ಬಿಡಿ. ಮುಂದಿನ್ ವಾರ ರೇಸಿದೆ."

"ನೀನ್ ಮಾಡ್ದೇ ಇರೋ ತಪ್ಪಿಗೆ ನಿನ್ ಹೆಸ್ರು ಯಾಕೆ? ನಾಳೆ ನಿನ್ ಕೈಗೆ ಕಾರ್ ಕೊಡೋರು ಈ ಕಂಪ್ನಿಯವ್ರನ್ನೇ ವಿಚಾರಿಸ್ತಾರೆ. ಆಗ ಇದನ್ನೇ ಹೇಳ್ತಾರೆ. ಪೆಟ್ಟಿಗೆ ತೆಗೆಯಲ್ಲ ನಾನು."

ಆ ರೇಸ್ ತಪ್ಪಿತು. ಎರಡು ವಾರ ನಾನು ಗ್ಯಾರೇಜಿನ ಕಡೆ ತಲೆಹಾಕಲಿಲ್ಲ. ಅವರು ದಿನವೂ ಕಂಪನಿಗೆ ಫೋನ್ ಮಾಡುತ್ತಿದ್ದರಂತೆ. ಕೊನೆಗೆ, ದೋಷ ತಯಾರಿಕೆಯದು, ಚಾಲಕಿಯದಲ್ಲ ಎಂಬ ಪತ್ರ ಬಂತು. "ನಂಗೂ ಒಂದು ಜೆರಾಕ್ಸ್ ಕೊಡು," ಎಂದು ಇಸಿದುಕೊಂಡು ಜೇಬಿನಲ್ಲಿಟ್ಟು, ಪೆಟ್ಟಿಗೆಯ ಮೊಳೆ ಕೀಳಲು ಕೂತರು. ಮರುವರ್ಷ ತಂಡವೊಂದು ನನ್ನನ್ನು ಕರೆಯಿತು. ಆ ಇಂಜಿನ್ನಿನ ಕಥೆ ತಂಡದವರಿಗೆ ಮೊದಲೇ ಗೊತ್ತಿತ್ತು, ಮುನಿರಾಜಣ್ಣನ ಜೇಬಿನ ಜೆರಾಕ್ಸನ್ನೂ ನೋಡಿದ್ದರು.

ಮಂಡಿ ನೋವು ಹೆಚ್ಚಾಗಿ ಗ್ಯಾರೇಜು ಮುಚ್ಚಿದ ಮೇಲೆ ಅವರು ಹೊರಮಾವಿನಲ್ಲಿ ಮಗಳ ಮನೆಯಲ್ಲಿದ್ದರು. ಹೋದ ವರ್ಷ ನೋಡಲು ಹೋದಾಗ, ಒಂದು ಸುತ್ತು ಕರೆದುಕೊಂಡು ಹೋಗು ಎಂದರು. ನಾನು ಓಡಿಸುವ ಕಾರಿನಲ್ಲಿ ಅವರು ಕೂತಿದ್ದು ಅದೇ ಮೊದಲು. ರಿಂಗ್ ರಸ್ತೆ ಸ್ವಲ್ಪ ಖಾಲಿ ಸಿಕ್ಕಿತೆಂದು ವೇಗ ಹೆಚ್ಚಿಸಿದೆ. ಅವರು ಎರಡೂ ಕೈಯಲ್ಲಿ ಸೀಟು ಹಿಡಿದುಕೊಂಡರು.

"ನಿಧಾನಕ್ ಹೋಗಮ್ಮ. ನಂಗೆ ಮೊದ್ಲಿಂದ ಸ್ಪೀಡ್ ಅಂದ್ರೆ ಭಯ."

"ಇಷ್ಟ್ ವರ್ಷ ಹೇಳ್ಲೇ ಇಲ್ವಲ್ಲಣ್ಣ!"

"ನೀನ್ ಕೇಳ್ಲೇ ಇಲ್ವಲ್ಲ."

ಅದಾಗಿ ಎರಡು ತಿಂಗಳಿಗೆ ಅವರು ತೀರಿಹೋದರು. ಆ ಸುತ್ತು ಮುಗಿಸಿ ವಾಪಸು ಬರುವಾಗ ಎಡಬದಿಗೆ ಅಂಟಿಕೊಂಡು ಮೂವತ್ತರಲ್ಲೇ ಓಡಿಸಿದೆ. ಹಿಂದಿದ್ದವರು ಹಾರ್ನ್ ಹೊಡೆಯುತ್ತಲೇ ಇದ್ದರು. ಮುನಿರಾಜಣ್ಣ ಕಿಟಕಿಯಿಂದ ಕೈ ಹೊರಗೆ ಹಾಕಿ, ನಗುತ್ತಾ, ಒಬ್ಬೊಬ್ಬರನ್ನೇ ಮುಂದಕ್ಕೆ ಕಳಿಸುತ್ತಿದ್ದರು.